ನೀಲಿ ಹಾಕಿದ ಬಿಳಿ

ಹನ್ನೊಂದು ವರ್ಷದಿಂದ ನನ್ನ ಉದ್ಯೋಗ ಒಂದೇ ಮಾತು:
"ಎರಡು ಹೆಜ್ಜೆ ಹಿಂದೆ, ದಯವಿಟ್ಟು."
ಐದು ಭಾಷೆಯಲ್ಲಿ ಹೇಳಬಲ್ಲೆ.
ಆರನೆಯದು ಕೆಮ್ಮು.

ಪ್ಯಾರಿಸ್ಸಿನ ಈ ಮ್ಯೂಸಿಯಮ್ಮಿನ ಏಳನೇ ಕೋಣೆ ನನ್ನದು.
ಗೋಡೆ ತುಂಬ ಒಬ್ಬನೇ ಚಿತ್ರಕಾರನ ಒಂಬತ್ತು ಪಟ.
ಎಂಟು ದೊಡ್ಡವು, ಜನ ಅವಕ್ಕೇ ಮುತ್ತುತ್ತಾರೆ:
ಮಂಜಿನಲ್ಲಿ ಸೇಬಿನ ತೋಟ, ಕೊಡೆ ಹಿಡಿದ ಹೆಂಡತಿ,
ಮತ್ತೆ ಅದೇ ಹೆಂಡತಿ, ಕೊಡೆ ಇಲ್ಲದೆ.
ಒಂಬತ್ತನೆಯದು ಬಾಗಿಲ ಮರೆಯಲ್ಲಿ, ಮೊಳದಷ್ಟಗಲ,
ಸೇನ್ ನದಿಯ ಮೇಲೆ ಅಗಸಗಿತ್ತಿಯರ ದೋಣಿ.
ಅದಕ್ಕೆ ತಲಾ ನಾಲ್ಕು ಸೆಕೆಂಡು. ಎಣಿಸಿದ್ದೇನೆ.
ಕಾಲು ನೋಯುವವನಿಗೆ ಎಣಿಕೆಯೇ ಊರುಗೋಲು.

ನವೆಂಬರಿನ ಒಂದು ಗುರುವಾರ
ಮುದುಕಿಯೊಬ್ಬಳು ಬಂದು ನಿಂತಳು ಅದರ ಮುಂದೆ.
ಒದ್ದೆ ಟೋಪಿ. ಕೈಯಲ್ಲಿ ಔಷಧಿ ಚೀಟಿಯ ಬೆನ್ನಿಗೆ ಬರೆದ ಪಟ್ಟಿ:
ಹೊಳೆಯಾಚೆಯ ಮ್ಯೂಸಿಯಂ: ಇಲ್ಲ.
ಉದ್ಯಾನದೊಳಗಿನದು: ಇಲ್ಲ, ಬರೀ ನೀರು.
ಮೂರನೆಯದು ನಮ್ಮದು.
ನಾಲ್ಕು ಸೆಕೆಂಡು. ನಲವತ್ತು. ಎಣಿಕೆ ತಪ್ಪಿತು.
ಆಮೇಲೆ ಮೂಗು ಬಣ್ಣಕ್ಕೆ ತಾಗುವಷ್ಟು ಬಾಗಿದಳು.

"ಎರಡು ಹೆಜ್ಜೆ ಹಿಂದೆ, ದಯವಿಟ್ಟು."

"ಮುತ್ತಜ್ಜಿಯನ್ನು ಹುಡುಕುತ್ತಿದ್ದೇನೆ," ಅಂದಳು,
ಬೀಗದಕೈ ಎಲ್ಲಿಟ್ಟೆನೆಂದು ಕೇಳುವವರ ದನಿಯಲ್ಲಿ.

ಹೆಸರು ಲಿಯೊಂತಿನ್ ಬರೋ.
ನಲವತ್ತೆರಡು ವರ್ಷ ಇಸ್ತ್ರಿ ಅಂಗಡಿ. ಮುಂಗೈ ಮೇಲೆ
ಇಸ್ತ್ರಿಪೆಟ್ಟಿಗೆಯ ಮೂತಿ ಬರೆದ ಹಳೇ ಬರೆ.
ಮುತ್ತಜ್ಜಿ ದುಡಿದದ್ದು ಇಂಥದೇ ದೋಣಿಯಲ್ಲಂತೆ,
ಮೊಣಕಾಲೂರಿ, ಹಲಗೆಗೆ ಬಡಿದು ಬಡಿದು.
"ದಡದ ಮೇಲೊಬ್ಬ ಗಡ್ಡದವ, ದಿನವಿಡೀ ನಮ್ಮನ್ನೇ ನೋಡುವವ,
ಒಂದು ದಿನಕ್ಕೂ ಒಂದಂಗಿ ಒಗೆಯಲು ತಂದವನಲ್ಲ,
ಅಂತ ಬಯ್ಯುತ್ತಿದ್ದಳಂತೆ ಸಾಯುವ ತನಕ."

ನಾನು ತೋರಿಸಿದೆ (ತೋರಿಸಬಾರದು, ನಿಯಮ)
ಎಡದಿಂದ ಮೂರನೆಯವಳನ್ನು, ಕೆಂಪು ತಲೆವಸ್ತ್ರ.
ಹತ್ತಿರ ಹೋದಳು: ಕುಂಚದ ಎರಡು ಗೀಟು,
ಒಂದು ಕೆಂಪು, ಒಂದು ಕಂದು. ಮುಖವಿಲ್ಲ. ಮನುಷ್ಯರೇ ಇಲ್ಲ.
ಹಿಂದೆ ಬಂದಳು: ಬೆನ್ನು ಬಾಗಿದ ಹೆಂಗಸು,
ತೋಳೆತ್ತಿದ್ದಾಳೆ, ಇನ್ನೇನು ಬಡಿಯಬೇಕು.
ಹತ್ತಿರ, ಗೀಟು.
ದೂರ, ಹೆಂಗಸು.
ಐದಾರು ಸಲ ಹೀಗೇ, ಅಲೆಗೆ ಕಾಲು ಕೊಟ್ಟು ಓಡುವ ಮಗುವಿನ ಹಾಗೆ.

ಅಷ್ಟರಲ್ಲಿ ಪ್ರವಾಸಿಗರ ಹಿಂಡು, ಮುಂದೊಬ್ಬಳು ಗೈಡು.
"ಹಾಸುಬಟ್ಟೆಯ ನೆರಳು ನೋಡಿ, ಕಪ್ಪಲ್ಲ, ನೀಲಿ!
ಅಂದಿನ ಪಂಡಿತರು ನಕ್ಕುಬಿಟ್ಟರು.
ಬಿಳಿಯೊಳಗೆ ನೀಲಿ ಕಂಡ ಮೊದಲ ಕಣ್ಣು ಇವನದು."

ಈಗ ನಕ್ಕದ್ದು ಮುದುಕಿ. ಇಡೀ ಕೋಣೆ ತಿರುಗಿತು.
"ಅಯ್ಯೋ ಮಾರಾಯ್ತಿ, ನೀಲಿ ಹಾಕದೆ ಬಿಳಿ ಬರುತ್ತದೆಯೇ?
ಕೊನೇ ನೀರಿಗೆ ಒಂದು ಚಿಟಿಕೆ.
ಹೆಚ್ಚಾದರೆ ಹೆಣದ ತುಟಿ, ಕಡಿಮೆಯಾದರೆ ಹೊಗೆಸೊಪ್ಪಿನ ಹಲ್ಲು.
ಅಮ್ಮ ಹೇಳಿಕೊಟ್ಟದ್ದು ನನಗೆ. ಅವಳಿಗೆ ಅವಳಮ್ಮ.
ಅವಳಿಗೆ..."
ಬೆರಳೆತ್ತಿದಳು, ಎಡದಿಂದ ಮೂರನೆಯ ಗೀಟಿನ ಕಡೆ.
"ದಡದಲ್ಲಿ ಕೂತವನಿಗೂ ಯಾರೋ ಹೇಳಿರಬೇಕು.
ಇಲ್ಲವೇ ಕದ್ದು ನೋಡಿದ."

ಹಿಂಡು ಮುಂದಿನ ಕೋಣೆಗೆ ಸರಿಯಿತು.
ಅವಳು ಟೋಪಿ ಹಿಂಡಿ, ನನ್ನೆದೆಯ ಹೆಸರುಬಿಲ್ಲೆ ಓದಿ,
"ಅಶಿಲ್, ನಿಮ್ಮ ಕಾಲರು ಹಳದಿಯಾಗಿದೆ," ಎಂದು
ನಿಧಾನ ಮೆಟ್ಟಿಲಿಳಿದು ಹೋದಳು.

ಆರಕ್ಕೆ ಗಂಟೆಯಾಯಿತು. ಒಂದೊಂದೇ ದೀಪ ಕಣ್ಣುಮುಚ್ಚಿತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನಾನು ಹತ್ತಿರ ಹೋದೆ, ಇನ್ನೂ ಹತ್ತಿರ,
ಗೀಟುಗಳು ಬರೀ ಗೀಟುಗಳಾಗುವವರೆಗೆ,
ಒಂದು ಹಾಸುಬಟ್ಟೆಯ ಅಂಚಿನಲ್ಲಿ
ಯಾರದೋ ಕೈಯಿಂದ ಈಗಷ್ಟೇ ಉದುರಿದಂತೆ
ಆ ಚಿಟಿಕೆ, ನೀಲಿ,

ಪಕ್ಕದ ಕೋಣೆಯಿಂದ ಫಿರ್ಮೆನ್
ಕೆಮ್ಮಿದ.