ಎರಡು ಎಡಗಾಲು

ಬೆಳಗಿನ ಐದು. ಯಾರ್ಕ್‌ಟನ್ನಿನಲ್ಲಿ ಮೈನಸ್ ಮೂವತ್ತೊಂದು.
ಕಾರು ಕೆಮ್ಮಿತು, ನಾನೂ ಕೆಮ್ಮಿದೆ.
ಹಿಂದೆ ಮಗಳು ಟೆಸ್ಸಾ,
ಹೆಲ್ಮೆಟ್ಟಿನೊಳಗೇ ಗೊರಕೆ.
ಪಕ್ಕದಲ್ಲಿ ಅವಳ ಹಾಕಿ ಚೀಲ.
ಅದಕ್ಕೂ ಬೆಲ್ಟು ಬಿಗಿದಿದ್ದೇನೆ,
ವಾಸನೆ ಎದ್ದು ಮುಂದಿನ ಸೀಟಿಗೆ ಬಾರದಿರಲೆಂದು.

ಎಂಬತ್ತು ಕಿಲೋಮೀಟರು ದಾಟಿ
ಚೀಲ ಬಿಚ್ಚಿದರೆ ಎರಡು ಸ್ಕೇಟು,
ಎರಡೂ ಎಡಗಾಲಿನವು.
ಅಂದರೆ ಈ ಹೊತ್ತಿಗೆ ಇನ್ನೊಂದೂರಿನ ರಿಂಕಿನಲ್ಲಿ
ಅವಳ ತಮ್ಮ ಎರಡೂ ಬಲಗಾಲಿಟ್ಟು
ಒಳಗೆ ಹೋಗುತ್ತಿರಬೇಕು. ಶುಭವಾಗಲಿ.
ಅವನ ಅಮ್ಮನ ಫೋನು ಮೂರು ಸಲ ಬಂತು.
ನಾನು ಎತ್ತಲಿಲ್ಲ.

ಮೊನ್ನೆ ಏಳನೇ ನಂಬರಿಗೆ
ಗಂಟಲು ಹರಿಯುವಂತೆ ಕೂಗಿದೆ.
ಗೋಲು ಹೊಡೆದು ಹೆಲ್ಮೆಟ್ ತೆಗೆದರೆ
ಯಾರದೋ ಮನೆಯ ಕೆಂಗೂದಲ ಹುಡುಗ!
ನನ್ನವಳು ಬೆಂಚಿನಲ್ಲಿ ಕಿತ್ತಳೆ ಸುಲಿಯುತ್ತ
'ಯಾರೇ ಅದು, ಇಷ್ಟು ಕಿರುಚೋದು?' ಎಂದು
ಗೆಳತಿಯನ್ನು ಕೇಳುತ್ತಿದ್ದಳಂತೆ.
'ಯಾರೋ ಪಾಪ' ಅಂದಳಂತೆ ಅವಳು.

ಇವತ್ತು ಭಾನುವಾರ.
ಆಟವಿಲ್ಲ, ಅಭ್ಯಾಸವಿಲ್ಲ, ಕೋಚನ ಸಂದೇಶವಿಲ್ಲ.
ನಾಲ್ಕೂವರೆಗೆ ಕಣ್ಣು ತಾನಾಗಿ ಬಿಟ್ಟಿತು,
ಕೈ ಕೀಲಿ ಹುಡುಕಿತು,
ಕಾರಿಗೆ ದಾರಿ ಗೊತ್ತಿತ್ತು.

ರಿಂಕಿಗೆ ಬೀಗ.
ಬಾಗಿಲೆದುರು ಆಗಲೇ ಇನ್ನೊಂದು ಕಾರು ಹೊಗೆಯುಗುಳುತ್ತಿದೆ:
ಡ್ಯಾರಿಲ್ ಹ್ರಿಂಕಿವ್, ಗೋಲಿಯ ಅಪ್ಪ.
ಅವನು ಗಾಜಿಳಿಸಿದ. ನಾನೂ ಇಳಿಸಿದೆ.
'ಯಾಕೆ ಬಂದೆ' ಎಂದು ಇಬ್ಬರೂ ಕೇಳಲಿಲ್ಲ.
ಅರ್ಧ ಡೋನಟ್ಟು ಚಾಚಿ,
ನನ್ನ ಹಿಂದಿನ ಸೀಟಿಗೆ ಇಣುಕಿ
'ಮಗಳೆಲ್ಲಿ?' ಅಂದ.

ತಿರುಗಿ ನೋಡಿದೆ.
ಬೆಲ್ಟು ಬಿಗಿದುಕೊಂಡು, ನೆಟ್ಟಗೆ,
ಚೀಲವೊಂದೇ ಕೂತಿತ್ತು.