ಸಾಯಿ ಬೇಗ

ಗಾದಿಲಿಂಗನ್ನ ಏಳು ದಿನ ಹೊರಗ ಹಾಕ್ತು ಯಂತ್ರ.
ಅವನು ಬರೆದದ್ದು ಎರಡೇ ಮಾತು: ಸಾಯಿ ಬೇಗ.
ಸಾಯಿಕುಮಾರ ನಮ್ಮ ಕಟಿಂಗ್ ಮೇಜಿನವ,
ಗುಂಡು ಬೀಳೋ ಬಯಲಿನಾಗ ಒಬ್ಬನೇ ನಿಂತಿದ್ದ.
ಓಡಿ ಬಾ ಅಂತ ಕರೆದರೆ ಅದು ಸಾವಿನ ಬೆದರಿಕೆ ಆತು.
ಕೊಲ್ಲೋದೇ ಆಟ ಅಲ್ಲಿ. ಕೊಂದವಗೆ ಬಂಗಾರದ ಬಿಲ್ಲೆ,
ಕರೆದವಗೆ ಶಿಕ್ಷೆ.

ಕೌಲ್‌ಬಜಾರಿನ ನಮ್ಮ ಯೂನಿಟ್ಟು ರಾತ್ರಿ ಒಂಬತ್ತೂವರೆಗೆ ಬಿಡ್ತೈತಿ.
ಮೂಗಿನಾಗ ದಾರದ ಧೂಳು ಇಟ್ಕೊಂಡೇ
ಮೆಟ್ಟಿಲ ಮ್ಯಾಲ ಕೂತು ಫೋನು ತೆಗಿತೀವಿ.
ನಾನು ಬಾರ್‌ಟ್ಯಾಕ್ ಹಾಕೋನು:
ಜೇಬಿನ ಮೂಲೆ, ಜಿಪ್ಪಿನ ಬುಡ, ಎಲ್ಲಿ ಜಗ್ಗಿದರೆ ಹರೀತೈತೋ
ಅದೇ ಜಾಗಕ್ಕೆ ಇಪ್ಪತ್ತೆಂಟು ಸಲ ಸೂಜಿ.
ಗಾದಿಲಿಂಗ ವಾಷಿಂಗಿನಾಗ, ಮೊಣಕೈ ತನಕ ನೀಲಿ.
ಆ ನೀಲಿ ಬೆರಳಿಂದಲೇ ಮನವಿ ಬರೆದ:
ಸಾಯಿ ಅನ್ನೋದು ಹೆಸರು ಸರ್. ಅವನು ಬದುಕೇ ಇದ್ದಾನ.
ನಾಲ್ಕು ಸೆಕೆಂಡಿಗೆ ಉತ್ತರ ಬಂತು:
ತಮ್ಮ ಅಹವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ.

ಅವನ ಜಾಗಕ್ಕೆ ನವನೀತ ಬಂದ.
ಹೆಸರಿಗೆ ತಕ್ಕ ಬೆಣ್ಣೆ.
ಹೊನ್ನೂರಬಿ ಮೈಕ್ ತೆರೆದು, ಎಡಕ್ಕೆ ಒಬ್ಬ ಇದ್ದಾನ, ಅಂದಳು.
ಅಷ್ಟೇ ಸಾಕಾತು.
ಅಕ್ಕಾ ಅಂದ. ಊಟ ಆತೇನ್ರಿ ಅಂದ.
ಇಷ್ಟೊತ್ತಿಗೆ ಮನೆಯಾಗ ಬಿಡ್ತಾರೇನ್ರಿ, ಯಾವ ಓಣಿ,
ಹಿಂದಿನ ಬಾಗಿಲಿಗೆ ಚಿಲಕ ಐತೇನ್ರಿ ಅಂದ.
ಒಂದು ಕೆಟ್ಟ ಶಬ್ದ ಇಲ್ಲ,
ಕನ್ನಡ ಮಾಸ್ತರು ಹತ್ತಕ್ಕೆ ಹತ್ತು ಕೊಡೋ ಹಂಗ.
ಯಂತ್ರ ಜರಡಿ ಹಿಡೀತು. ಜರಡಿಯಾಗ ಏನೂ ನಿಲ್ಲಲಿಲ್ಲ.

ಹಂಗಾದ್ರ ನಾವೇ ಕೂರೋಣ ಅಂದ್ರು ಊರಿನ ಆಟಗಾರರು.
ಮೋತಿ ಸರ್ಕಲ್ ಹತ್ರ ಚಹಾದಂಗಡಿ, ರಾತ್ರಿ ಹನ್ನೊಂದು.
ಹಿರಿಯನಿಗೆ ಇಪ್ಪತ್ತೆರಡು ವರ್ಷ,
ಮೀಸೆಗಿಂತ ಮೊದಲೇ ಬಂದಿತ್ತು ಅಜ್ಜನ ದನಿ:
ನೀನ್ಯಾಕಮ್ಮ ಮೈಕ್ ತೆರೆದಿ?
ಹುಡುಗ ಬಾಯ್ತಪ್ಪಿ ಅಂದಾನ, ಹೊಟ್ಟಿಗೆ ಹಾಕ್ಕೋ.
ನವನೀತ ನಕ್ಕು ಕೈಮುಗಿದ. ಎಲ್ಲರ ಚಹಾಕ್ಕೂ ಅವನೇ ಕೊಟ್ಟ.
ವಾಷಿಂಗ್ ಯೂನಿಟ್ಟು ಅವನ ಸೋದರಮಾವಂದು.
ಯಂತ್ರಕ್ಕೆ ಸೋದರಮಾವ ಇಲ್ಲ
ಅಂತ ಆಗ ಅನ್ನಿಸ್ತು ನನಗ. ಅನ್ನಿಸ್ತು, ಅಷ್ಟೆ.
ಗ್ಲಾಸು ಬಿಸಿ ಇತ್ತು, ಎರಡೂ ಕೈಯಾಗ ಹಿಡಿದು ಊದ್ತಾ ನಿಂತಿದ್ದೆ.
ಹೊನ್ನೂರಬಿ ಯಾರ ಮುಖಾನೂ ನೋಡದೆ ಚಪ್ಪಲಿ ಮೆಟ್ಟಿದಳು.

ನಾಲ್ಕನೇ ರಾತ್ರಿ ದ್ವೀಪದಾಗ ನವನೀತ ಬಿದ್ದ.
ಸತ್ತಿರಲಿಲ್ಲ, ತೆವಳ್ತಿದ್ದ.
ತೊಂಬತ್ತು ಸೆಕೆಂಡಿನಾಗ ಯಾರಾದ್ರೂ ಎಬ್ಬಿಸಬೇಕು.
ಎಬ್ಬಿಸ್ರಿ ಅಂದ. ಅಕ್ಕಾ ಅಂದ.
ಸಾಯಿ ಪಕ್ಕದ ಬಂಡೆ ಮ್ಯಾಲ ಹೋಗಿ ಕೂತ.
ಹೊನ್ನೂರಬಿ ಮೈಕ್ ತೆರೆದಳು,
ಉಸಿರು ಕೇಳಿಸ್ತು, ಮಾತು ಬರಲಿಲ್ಲ.
ನನ್ನ ಹೆಬ್ಬೆರಳ ಕೆಳಗ ಹಸಿರು ಗುಂಡಿ ಮಿಣುಕ್ತಿತ್ತು.
ಅರವತ್ತು. ನಲವತ್ತು.
ಒತ್ತಲಿಲ್ಲ.
ಅವಳ ಸಲುವಾಗಿಯೋ, ಆ ಚಹಾದ ಗ್ಲಾಸಿನ ಸಲುವಾಗಿಯೋ,
ಈಗ್ಲೂ ಬಗೆಹರಿದಿಲ್ಲ.
ಹನ್ನೊಂದು ಅನ್ನೋವಾಗ ಅವನು ರೀ ಅನ್ನೋದು ಬಿಟ್ಟ.
ಅಪ್ಪಟ ಬಳ್ಳಾರಿ ಬೈಗುಳ, ಅರ್ಧ ತೆಲುಗು,
ಯಂತ್ರಕ್ಕೆ ಎರಡು ಅರ್ಧನೂ ತಿಳೀಲಿಲ್ಲ.

ಆಮ್ಯಾಲ ಮೂವರಿಗೂ ಒಟ್ಟಿಗೇ ಬಂತು ಚೀಟಿ:
ಸಂಗಡಿಗನಿಗೆ ನೆರವು ನಿರಾಕರಣೆ. ಮೂರು ದಿನ.
ಆಟದೊಳಗ ಉಳಿದವ ನವನೀತ ಒಬ್ಬನೇ,
ಯಾವುದೋ ಊರಿನ ಮೂವರ ಜೊತೆ ಮತ್ತೆ ವಿಮಾನ ಹತ್ತಿದ.

ನಲ್ಲಿ ಕೆಳಗ ಕೈ ಉಜ್ಜುತ್ತಿದ್ದ ಗಾದಿಲಿಂಗ ನಕ್ಕೇ ನಕ್ಕ.
ಅವನಿಗೂ ಇನ್ನು ಮೂರೇ ದಿನ ಬಾಕಿ.
ನೀಲಿ ಹೋಗಲಿಲ್ಲ. ಆ ಕೈಯಿಂದಲೇ
ಶೇಂಗಾದ ಪೊಟ್ಟಣ ಬಿಚ್ಚಿ, ಸಾಯಿ ಬೇಗ, ಅಂತ
ಓಣಿಗೆಲ್ಲ ಕೇಳೋ ಹಂಗ ಕೂಗಿದ.
ಸಾಯಿ ಓಡಿ ಬಂದ.

ಹೊನ್ನೂರಬಿ ಸಿಪ್ಪೆ ಬಿಡಿಸ್ತಾ, ನನ್ನ ಕಡೆ ನೋಡದೇನೇ,
ಅವತ್ತು ಚಹಾ ಬಾಳ ಬಿಸಿ ಇತ್ತೇನು, ಅಂದಳು.