ಕೊಸರು

ಮೂವತ್ತು ಮೂವತ್ತರಂತೆ ಹನ್ನೆರಡು ಸಲ
ಅಳೆದು ಸುರಿದಾದ ಮೇಲೂ
ಸೂರ್ಯನ ಚೀಲದ ತಳದಲ್ಲಿ ಐದು ದಿನ ಉಳಿಯುತ್ತವೆ.
ನಮ್ಮಲ್ಲಿ ಅದಕ್ಕೆ ಪಗುಮೆ ಎಂದು ಹೆಸರು.
ಹೆಸರೂ ನಮ್ಮದಲ್ಲ. ಗ್ರೀಕರದಂತೆ,
ಈಜಿಪ್ಟಿನ ಸನ್ಯಾಸಿಗಳ ಜೋಳಿಗೆಯಲ್ಲಿ ಕೂತು
ನಮ್ಮ ಬೆಟ್ಟ ಹತ್ತಿ ಬಂದದ್ದು.
ಮೇಲೆ ಸೇರಿಸಿದ್ದು ಎಂದು ಅರ್ಥ.
ಸಂತೆಯಲ್ಲಿ ಅಸೆಲೆಫೆಚ್ ತೆಫ್ ಧಾನ್ಯ ಅಳೆದು ಮುಗಿಸಿ
ಆಮೇಲೊಂದು ಹಿಡಿ ಚೀಲಕ್ಕೆ ಚೆಲ್ಲುತ್ತಾಳಲ್ಲ,
ಅಷ್ಟೆ. ಕೊಸರು.

ಹನ್ನೆರಡು ತಿಂಗಳಿಗೆ ಸರ್ಕಾರ ಸಂಬಳ ಕೊಡುತ್ತದೆ,
ಹದಿಮೂರನೆಯದಕ್ಕೆ ಆಕಾಶ ಮಳೆ ಕೊಡುತ್ತದೆ.
ದೆಬ್ರೆ ಮಾರ್ಕೋಸಿನಲ್ಲಿ ನಾನು
ಜನನ ಮರಣ ಬರೆಯುವ ಗುಮಾಸ್ತ.
ಇಪ್ಪತ್ತೆರಡು ವರ್ಷದ ಪಗುಮೆಗಳನ್ನು ಕೂಡಿದರೆ
ಹತ್ತಿರ ಹತ್ತಿರ ನಾಲ್ಕು ತಿಂಗಳು ಬಿಟ್ಟಿ ದುಡಿದಿದ್ದೇನೆ.
ಲೆಕ್ಕ ನನ್ನದಲ್ಲ, ಹೆಂಡತಿಯದು.
ಆದರೆ ಮನೆಯೊಡತಿ ಎತ್ಯೆ ದೆಬ್ರಿತು
ಆ ಐದು ದಿನದ ಬಾಡಿಗೆ ಕೇಳಿದವಳಲ್ಲ.
"ದೇವರ ದಿನಕ್ಕೆ ಸೂರಿನ ಲೆಕ್ಕ ಹಿಡಿದರೆ
ನನ್ನ ಸೂರೇ ಸೋರೀತು" ಎನ್ನುತ್ತಾಳೆ.
ಅದು ಹೇಗೂ ಸೋರುತ್ತದೆ. ಬೇರೆ ಮಾತು.

ಮೂರನೆಯ ದಿನ ರುಫಾಯೇಲ ದೇವದೂತನದು,
ಬಿದ್ದ ಮಳೆಯೆಲ್ಲ ತೀರ್ಥ.
ಅಮ್ಮನಿಗೆ ಬೆಳಗಿನಿಂದ
ಒಂದು ಕಣ್ಣು ಮೋಡದ ಮೇಲೆ, ಒಂದು ಹಿಟ್ಟಿನ ಮೇಲೆ.
ಮೊದಲ ಹನಿ ಬಿದ್ದದ್ದೇ ತಡ
ಓಣಿಯ ಮಕ್ಕಳೆಲ್ಲ ಅಂಗಿ ಕಿತ್ತೆಸೆದು
ಬತ್ತಲೆ ಕುಣಿದೆವು, ಬಾಯಿ ತೆರೆದು ಆಕಾಶ ಕುಡಿದೆವು.
ಅಮ್ಮ ಹಿಟ್ಟಿನ ಮಡಕೆಯನ್ನು ಸೂರಿನಾಚೆ ಹಿಡಿದು
ಏಳು ಹನಿ ಎಣಿಸಿ ಒಳತಂದಳು,
ವರ್ಷವಿಡೀ ಹುಳಿ ಕೆಡದು ಎಂದಳು.
ಏಳಲ್ಲ, ಒಂಬತ್ತು ಬಿದ್ದಿತ್ತು. ನಾನು ನೋಡಿದ್ದೆ.
ಆ ವರ್ಷ ಯುದ್ಧಕ್ಕೆ ಹೋದ ಅಣ್ಣ ಬರಲಿಲ್ಲ.
ಹನಿಯ ಲೆಕ್ಕವನ್ನು ಅಮ್ಮ ಯಾರಿಗೂ ಹೇಳಲಿಲ್ಲ.
ನಾನೂ.

ಮತ್ತಾಯ, ಮಾರ್ಕ, ಲೂಕ, ಯೋಹಾನ
ಸರದಿಯಲ್ಲಿ ನಮ್ಮ ವರ್ಷಗಳನ್ನು ಕಾಯುತ್ತಾರೆ.
ಲೂಕ ವೈದ್ಯ. ಹೊರಡುವ ಮುನ್ನ
ಮದ್ದಿನ ಮೇಲೊಂದು ಗುಟುಕು ಹೆಚ್ಚಿಗೆ ಕುಡಿಸಿದಂತೆ
ಆರನೆಯದೊಂದು ದಿನ ಕೊಟ್ಟು ಹೋಗುತ್ತಾನೆ.

ಅಂಥದೇ ದಿನದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು
ವುಬಿತ್ ಬಂದಳು. ಹೊಸ ವರ್ಷ ಹುಟ್ಟಿ ಇಪ್ಪತ್ತು ದಿನ,
ಗುಡ್ಡಗಳೆಲ್ಲ ಹಳದಿ ಹೂವಾಗಿದ್ದವು.
"ಪಗುಮೆ ಆರು. ಕೋಳಿ ಕೂಗುವ ಹೊತ್ತು."
ಎದುರಿಗೆ ಯಾವುದೋ ದಾನಿಗಳು ಕೊಟ್ಟ ಕಂಪ್ಯೂಟರು.
ತಿಂಗಳ ಪಟ್ಟಿ ಎಳೆದೆ. ಹನ್ನೆರಡು.
ಮತ್ತೆ ಎಳೆದೆ.
"ನೆಹಾಸೆಯ ಕೊನೆಗೆ ಹಾಕಲೇನಮ್ಮ?
ಇಲ್ಲ, ಮೆಸ್ಕೆರೆಮ್ ಒಂದು ಅನ್ನೋಣ, ಹಬ್ಬದ ದಿನ.
ನಾಲ್ಕು ವರ್ಷಕ್ಕೊಮ್ಮೆ ಹುಟ್ಟುವವನನ್ನು
ಶಾಲೆಯಲ್ಲಿ ಹುಡುಗರು ಬಿಡುತ್ತಾರೆಯೇ?"

ಅವಳು ಕೂಸಿನ ಗಂಟನ್ನು ಬಿಗಿ ಮಾಡಿದಳು.
"ಹಬ್ಬ ಕೇಳಲು ಬಂದಿಲ್ಲ ಅಣ್ಣ.
ಮೂರು ಹೋದವು.
ಮೂರೂ ಒಳ್ಳೊಳ್ಳೆ ತಿಂಗಳಲ್ಲೇ ಹುಟ್ಟಿದ್ದವು.
ಇದು ಇದೆ.
ಹುಟ್ಟಿದ್ದನ್ನು ಹುಟ್ಟಿದಲ್ಲಿ ಬರಿ."

ಕಪಾಟಿನಿಂದ ಹಳೆಯ ಹಸಿರು ಪುಸ್ತಕ ತೆಗೆದೆ,
ಧೂಳು ಕೊಡವಿದೆ, ಪೆನ್ನು ಒದರಿದೆ.
ಹೆಸರು?
"ತೆರೆಫೆ."
ಉಳಿದುಕೊಂಡವನು, ಮಿಕ್ಕಿದವನು,
ಎರಡಕ್ಕೂ ನಮ್ಮ ಮಾತಿನಲ್ಲಿ ಅದೊಂದೇ ಮಾತು.
ಬರೆದೆ. ಮೊಹರು ಒತ್ತಿದೆ.
ಪರದೆಯ ಮೇಲೆ ಇನ್ನೂ ಮಿಣುಕುತ್ತಿತ್ತು, ತಿಂಗಳು ಆರಿಸಿ.

ಶುಲ್ಕ ಹತ್ತು ಬಿರ್. ತೆಗೆದುಕೊಂಡೆ, ನಿಯಮ.
ಒಂದೊಂದಾಗಿ ಎಣಿಸಿಟ್ಟು
ಬಾಗಿಲ ತನಕ ಹೋದವಳು ತಿರುಗಿ ಬಂದು
ಸೆರಗಿನ ತುದಿ ಬಿಚ್ಚಿ
ಹುರಿದ ಬಾರ್ಲಿ ಒಂದು ಹಿಡಿ
ತೆರೆದ ಪುಟದ ಮೇಲೆ ಸುರಿದಳು.

ಸಂಜೆಯ ತನಕ ಒಂದೊಂದೇ ಕಾಳು ತಿಂದೆ.
ಹೊಲಿಗೆಯ ಸಂದಿಗೆ ಇಳಿದ ಎರಡು
ಎಷ್ಟು ಕೆದಕಿದರೂ ಬರಲಿಲ್ಲ.